ಇನ್ನೂರು ಗ್ರಾಮಿನ ಕಲ್ಲು

ಕೈ ತೊಳೆಯುವುದಕ್ಕೆ ಎರಡು ನಿಮಿಷ, ಮೊಣಕೈವರೆಗೆ, ಉಗುರಿನ ಸಂದಿಯನ್ನೂ ಬಿಡದೆ. ತೊಟ್ಟಿಯ ಮೇಲೆ ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಯಾರದೋ ಎರಡು ಕೈಗಳು ಆರು ಹಂತಗಳಲ್ಲಿ ಒಂದನ್ನೊಂದು ತಿಕ್ಕಿಕೊಳ್ಳುತ್ತಿದ್ದವು. ನಲವತ್ತೇಳು ದಿನಗಳಿಂದ ಅವುಗಳನ್ನೇ ನೋಡಿಕೊಂಡು ತಿಕ್ಕುತ್ತಿದ್ದರೂ ನಾಲ್ಕನೆಯ ಹಂತದಲ್ಲಿ ಹೆಬ್ಬೆರಳನ್ನು ಯಾವ ಕಡೆ ತಿರುಗಿಸಬೇಕೆಂಬುದು ಅವನ ತಲೆಗೆ ಇನ್ನೂ ಹತ್ತಿರಲಿಲ್ಲ. ಆಮೇಲೆ ಹಸಿರು ನಿಲುವಂಗಿ. ಅದರ ದಾರಗಳೆಲ್ಲ ಬೆನ್ನ ಹಿಂದೆ. ಅದನ್ನು ಹೊಲಿದ ಮಹಾನುಭಾವನ ತೋಳುಗಳು ಹಿಂದಕ್ಕೂ ಬಾಗುತ್ತಿದ್ದವೋ ಏನೋ. ದಿನವೂ ಯಾರಾದರೊಬ್ಬ ಅಪ್ಪನಿಗೆ ಬೆನ್ನು ತೋರಿಸಿಕೊಂಡು ಶಾಲೆಗೆ ಹೊರಟ ಮಗುವಿನ ಹಾಗೆ ನಿಲ್ಲಬೇಕು. ಇವತ್ತು ಸಿಕ್ಕವನು ನಾಲ್ಕನೇ ಪೆಟ್ಟಿಗೆಯ ಅಪ್ಪ, ಲಾರಿ ಓಡಿಸುವವನು. ಲೋಡಿಗೆ ಹಗ್ಗ ಬಿಗಿಯುವವನಂತೆ ಮೊಣಕಾಲನ್ನು ಇವನ ಸೊಂಟಕ್ಕೆ ಒತ್ತಿ, ಎಳೆದು ಕಟ್ಟಿ, ಪ್ಯಾಂಟಿನ ಬಲಜೇಬಿನ ಉಬ್ಬನ್ನು ನೋಡಿ ಏನ್ ಸಾರ್ ಅದು ಎಂದು ಕೇಳಿದ. ಬೀಗದಕೈ ಗೊಂಚಲು ಎಂದ ಇವನು. ದಿನದ ಮೊದಲನೆಯ ಸುಳ್ಳು. ಇನ್ನೂ ಒಂಬತ್ತು ಗಂಟೆಯೂ ಆಗಿರಲಿಲ್ಲ.

ಜೇಬಿನಲ್ಲಿದ್ದುದು ಇನ್ನೂರು ಗ್ರಾಮಿನ ತೂಕದ ಕಲ್ಲು. ಹಿತ್ತಾಳೆಯದಾದರೂ ಅಂಗಡಿಯವರ ಬಾಯಲ್ಲಿ ಅದು ಕಲ್ಲೇ. ಅವನು ತೂಕ ಮತ್ತು ಅಳತೆ ಕಚೇರಿಯ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳು ಸತ್ಯ ಹೇಳುತ್ತಿವೆಯೇ ಎಂದು ನೋಡುವುದು, ಹೇಳುತ್ತಿದ್ದರೆ ಸೀಸದ ಮುದ್ರೆ ಒತ್ತುವುದು, ಹೇಳದಿದ್ದರೆ ಹೊತ್ತುಕೊಂಡು ಬರುವುದು, ಇದು ಹದಿನಾರು ವರ್ಷಗಳ ಕಾಯಕ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಬೆಚ್ಚಗಿಡುವ ಈ ವಾರ್ಡಿಗೆ ಬಂದ ಮೊದಲ ದಿನ ದೊಡ್ಡ ಸಿಸ್ಟರ್ ಎದುರು ಗತ್ತಿನಿಂದ ಇನ್ಸ್‌ಪೆಕ್ಟರ್ ಎಂದು ಹೇಳಿಕೊಂಡಾಗ ಆಕೆ ಕುರ್ಚಿಯಿಂದ ಅರ್ಧ ಎದ್ದಿದ್ದರು; ಯಾವ ಇನ್ಸ್‌ಪೆಕ್ಟರ್ ಎಂದು ವಿಚಾರಿಸಿ ತಿಳಿದ ಮೇಲೆ ಎದ್ದ ಅರ್ಧವನ್ನು ಹಾಗೆಯೇ ಇಳಿಸಿಕೊಂಡಿದ್ದರು. ಅಂದಿನಿಂದ ಇಲ್ಲಿ ಅವನಿಗೆ ಹುದ್ದೆಯಿಲ್ಲ. ಅವನು ಏಳನೇ ಪೆಟ್ಟಿಗೆಯ ಅಪ್ಪ. ಹೊರಗೆ ಮಾತ್ರ ಅವನನ್ನು ಕಂಡರೆ ಅಂಗಡಿಯವರು ಪೂರ್ತಿ ಎದ್ದು ನಿಲ್ಲುತ್ತಾರೆ. ಬೇಕರಿಯವನೊಬ್ಬ ಕೇಕನ್ನು ರಟ್ಟಿನ ಡಬ್ಬಿಯ ಸಮೇತ ತೂಗಿ ಸಿಕ್ಕಿಬಿದ್ದಾಗ, ಡಬ್ಬಿ ತೂಕ ಕಳೆಯೋದು ಮರೆತುಹೋಯ್ತು ಸಾರ್ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದ. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೆ ಇವನು, ನೀವು ಎಷ್ಟು ಸಲ ಮರೆತರೂ ನಿಮಗೆ ಅನುಕೂಲವಾಗೋ ಹಾಗೇ ಮರೀತೀರಲ್ಲ, ಒಂದು ಸಲ ಗಿರಾಕಿಗೆ ಅನುಕೂಲವಾಗೋ ಹಾಗೆ ಮರೆತು ತೋರಿಸಿ ಎಂದಿದ್ದ. ಆ ಮಾತು ಅವನಿಗೇ ಎಷ್ಟು ಹಿಡಿಸಿತ್ತೆಂದರೆ ಕಚೇರಿಯಲ್ಲಿ, ನೆಂಟರ ಮನೆಗಳಲ್ಲಿ, ಬಸ್ಸಿನಲ್ಲಿ ಸಿಕ್ಕ ಅಪರಿಚಿತರಿಗೂ ಹೇಳಿ ಹೇಳಿ, ಈಗೀಗ ಅದು ಬರುವ ಸುಳಿವು ಸಿಕ್ಕೊಡನೆ ಹೆಂಡತಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಬೇಕರಿಯವನ ಮೀಸೆ ಅದುರಿದ್ದು ಮಾತ್ರ ಅವನ ಕಥೆಯಲ್ಲಿ ಎಂದೂ ಬರುತ್ತಿರಲಿಲ್ಲ.

ಏಳನೇ ಪೆಟ್ಟಿಗೆಯ ಗಾಜಿನೊಳಗೆ ಚೂರು ಅಂಗಾತ ಮಲಗಿದ್ದಳು. ಮೂಗಿನಲ್ಲಿ ಹಾಲಿನ ಕೊಳವೆ, ಪಾದಕ್ಕೆ ಮಿಣುಕುವ ಕೆಂಪು ದೀಪ, ಎರಡು ಕೈಗಳನ್ನೂ ತಲೆಯ ಪಕ್ಕಕ್ಕೆ ಎತ್ತಿ, ಯಾರೋ ಪಿಸ್ತೂಲು ತೋರಿಸಿ ಹೆದರಿಸಿದಂತೆ. ಹುಟ್ಟಿದಾಗ ಏಳುನೂರ ತೊಂಬತ್ತು ಗ್ರಾಂ. ಅವಳಿಗಿಂತ ಎರಡು ನಿಮಿಷ ಮೊದಲು ಬಂದ ಯಜಮಾನಿ ಸಾವಿರದ ಇನ್ನೂರ ನಲವತ್ತು. ಹೆಸರಿಟ್ಟವರು ಅತ್ತೆ: ಒಬ್ಬಳು ಬಂದಕೂಡಲೇ ಕಿರುಚಿ ಮನೆ ವಹಿಸಿಕೊಂಡವಳ ಹಾಗೆ ಆಡಿದಳಂತೆ, ಇನ್ನೊಬ್ಬಳು ಮಗುವಲ್ಲ, ಮಗುವಿನ ಚೂರು. ಹೊಟ್ಟೆಯಲ್ಲಿದ್ದಾಗ ಇಬ್ಬರಿಗೂ ಒಂದೇ ಮಾಸು. ಅದರೊಳಗೆ ರಕ್ತನಾಳಗಳು ಹೇಗೋ ಕೂಡಿಕೊಂಡು ಒಬ್ಬಳ ರಕ್ತ ಇನ್ನೊಬ್ಬಳಿಗೆ ಹರಿಯುತ್ತಿತ್ತು. ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಎರಡು ಸೊನ್ನೆ ಬರೆದು, ನಡುವೆ ಬಾಣ ಎಳೆದು, ಇವಳು ಕೊಡುವವಳು, ಇವಳು ತೆಗೆದುಕೊಳ್ಳುವವಳು, ಕೊಡುವವಳು ಒಣಗುತ್ತಾಳೆ, ತೆಗೆದುಕೊಳ್ಳುವವಳ ಹೃದಯ ದಣಿಯುತ್ತದೆ, ಹೀಗೇ ಬಿಟ್ಟರೆ ಇಬ್ಬರೂ ಉಳಿಯುವುದಿಲ್ಲ ಎಂದಿದ್ದರು. ಅಂಗಡಿ ಬಾಗಿಲು ತೆರೆಯುವ ಮೊದಲೇ ತೂಕದಲ್ಲಿ ಮೋಸ ಶುರುವಾಗಿದೆ ಎಂಬುದು ಅವನ ತಲೆಗೆ ಬಂದ ಮೊದಲ ಯೋಚನೆ. ಅತ್ತೆಗೆ ಬಂದದ್ದು ಬೇರೆ: ತೆಗೆದುಕೊಳ್ಳುವವಳು ಅಳಿಯನ ಕಡೆಯವರ ಹಾಗೆ, ಕೊಡುವವಳು ತಮ್ಮ ಕಡೆ. ಯಜಮಾನಿ ಮೂರು ವಾರದ ಕೆಳಗೇ ಸಾವಿರದ ಐನೂರು ದಾಟಿ, ಪಕ್ಕದ ಎಂಟನೇ ಪೆಟ್ಟಿಗೆಯನ್ನು ಖಾಲಿ ಮಾಡಿ ಅಮ್ಮನ ಮಗ್ಗುಲಿಗೆ ಹೋಗಿದ್ದಳು. ಸಾವಿರದ ಐನೂರು ಇಲ್ಲಿಯ ಕಾನೂನು. ಅಷ್ಟಾದರೆ ಗಾಜಿನಿಂದ ಹೊರಗೆ, ತಾಯಂದಿರ ಕೋಣೆಗೆ. ಅಲ್ಲಿಂದ ಒಂದು ವಾರಕ್ಕೆ ಮನೆಗೆ; ಯಜಮಾನಿ ಮಾತ್ರ ತಂಗಿಗಾಗಿ ಅಲ್ಲೇ ಉಳಿದಿದ್ದಳು.

ಪೆಟ್ಟಿಗೆಗೆ ನೇತುಹಾಕಿದ ಹಲಗೆಯ ಮೇಲೆ ಅಂಕಿಗಳಿದ್ದವು. ನಿನ್ನೆ ಸಾವಿರದ ನಾನೂರ ಎಂಬತ್ತನಾಲ್ಕು. ಮೊನ್ನೆ ಸಾವಿರದ ನಾನೂರ ಎಪ್ಪತ್ತು. ಅದರ ಹಿಂದಿನ ದಿನ ಸಾವಿರದ ನಾನೂರ ಮೂವತ್ತು. ಒಂದೇ ದಿನಕ್ಕೆ ನಲವತ್ತು ಗ್ರಾಂ. ಎಲ್ಲರೂ ಹಿಗ್ಗಿದ್ದರು, ಹೆಂಡತಿ ಫೋನಿನಲ್ಲಿ ಅಕ್ಕನಿಗೆ ಹೇಳಿ ಅತ್ತಿದ್ದಳು. ಅವನೊಬ್ಬನ ಮೂಗಿಗೆ ಮಾತ್ರ ವಾಸನೆ ಬಡಿದಿತ್ತು. ದಿನಕ್ಕೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ಏರುತ್ತಿದ್ದ ಮಗು ನಲವತ್ತು ಏರಿತೆಂದರೆ ಏರಿದ್ದು ಮಗುವೋ, ತಕ್ಕಡಿಯೋ? ಎರಡು ದಿನ ಈ ಪ್ರಶ್ನೆಯನ್ನು ಅಗಿದು ಮೂರನೆಯ ದಿನ ಕಲ್ಲನ್ನು ಜೇಬಿಗೆ ಹಾಕಿಕೊಂಡು ಬಂದಿದ್ದ. ಗಾಜಿಗೆ ಮುಖ ತಂದು ನಿಂತ. ಚೂರು ಆಕಳಿಸಿದಳು, ಆ ಕೊಳವೆಯ ಜೊತೆಗೇ, ದೊಡ್ಡವರ ಹಾಗೆ ಪೂರ್ತಿ ಬಾಯಿ ತೆರೆದು. ಪೆಟ್ಟಿಗೆಯ ಪಕ್ಕದಲ್ಲಿ ಕೈ ತೂರಿಸಲು ಎರಡು ದುಂಡನೆಯ ಕಿಂಡಿಗಳಿದ್ದವು. ಅವನು ಕೈ ತೂರಿಸಿರಲಿಲ್ಲ. ಈವರೆಗೆ ಒಂದು ದಿನವೂ. ಯಜಮಾನಿಯನ್ನು ಮೈಶಾಖ ಸಿಗಲೆಂದು ಎದೆಗೆ ಹಾಕಿಕೊಂಡಿದ್ದ, ಅಂಗಿ ಬಿಚ್ಚಿ, ಕರಡಿ ಎಂದು ಸಿಸ್ಟರುಗಳು ನಕ್ಕರೂ ಕೇಳದವನ ಹಾಗೆ. ಚೂರಿನ ಸರದಿ ಬಂದಾಗಲೆಲ್ಲ ಅವನಿಗೆ ನೆಗಡಿ. ನೆಗಡಿ ಇಲ್ಲದ ದಿನ ಅಂಗಡಿಗಳ ಧೂಳು. ಧೂಳಿಲ್ಲದ ಭಾನುವಾರ ಬೆನ್ನುನೋವು. ಮೂರೂ ಇಲ್ಲದ ದಿನ ಅವನು ಕಾಲಿಗೆ ಬುದ್ಧಿ ಹೇಳಿದ್ದ.

ಕಾರಣ ಹುಟ್ಟಿದ್ದು ಮಕ್ಕಳು ಹುಟ್ಟುವ ಮೊದಲೇ, ಒಂದು ಸ್ಕ್ಯಾನ್ ಕೋಣೆಯಲ್ಲಿ. ಆ ಕೋಣೆ ಅರೆಗತ್ತಲಾಗಿತ್ತು, ಸ್ಕ್ಯಾನಿನ ಪರದೆಯೊಂದೇ ಬೂದು ಬೆಳಕು. ಬಸಿರಿನ ಇಪ್ಪತ್ತೊಂದನೆಯ ವಾರ. ಹೆಂಡತಿ ಹಸಿರು ಬಟ್ಟೆಯ ಪರದೆಯ ಆಚೆ ಹೊಟ್ಟೆಗೆ ಬಳಿದ ಅಂಟನ್ನು ಕಾಗದದಿಂದ ಒರೆಸಿಕೊಳ್ಳುತ್ತಿದ್ದಳು. ಸುರುಳಿಯಿಂದ ಕಾಗದ ಹರಿಯುವ ಸದ್ದು ಪರ್ ಪರ್ ಎಂದು ಕೇಳುತ್ತಿತ್ತು. ಪರದೆಯ ಈಚೆ ಡಾಕ್ಟರಮ್ಮ ಅವನಿಗೆ ತಗ್ಗಿದ ದನಿಯಲ್ಲಿ ವಿವರಿಸುತ್ತಿದ್ದರು. ಹೊಟ್ಟೆಯೊಳಗೆ ಸಣ್ಣ ಕೊಳವೆ ಇಳಿಸಿ, ಕೂಡಿಕೊಂಡ ನಾಳಗಳನ್ನು ಬೆಳಕಿನಿಂದ ಸುಡುವ ಒಂದು ಚಿಕಿತ್ಸೆಯಿದೆ. ಮಾಡುವವರು ಬೇರೆ ಊರಿನಿಂದ ಬರಬೇಕು. ಅದು ಸಾಧ್ಯವಾಗದೆ ಹೋದರೆ, ಒಂದನ್ನು ಉಳಿಸಲು ಇನ್ನೊಂದನ್ನು ಬಿಡಬೇಕಾದ ಸಂದರ್ಭ ಬರಬಹುದು. ಈಗಲೇ ಏನೂ ಹೇಳಬೇಕಿಲ್ಲ, ಇಬ್ಬರೂ ಕೂತು ಯೋಚನೆ ಮಾಡಿ. ಅಷ್ಟೇ. ಯಾರೂ ಅವನಿಂದ ಉತ್ತರ ಕೇಳಿರಲಿಲ್ಲ. ಆದರೆ ಅವನ ಬಾಯಿಗೆ ಯಾವಾಗ ಬೀಗವಿತ್ತು? ಹಣ್ಣಿನ ಅಂಗಡಿಯಲ್ಲಿ ನಿಂತವನ ದನಿಯಲ್ಲಿ, ತಡಮಾಡದೆ, ಹಾಗಾದ್ರೆ ದೊಡ್ಡದನ್ನ ಉಳಿಸಿಬಿಡಿ ಎಂದ. ದೊಡ್ಡದು. ಹೆಸರಿಲ್ಲ, ಮುಖವಿಲ್ಲ, ತೂಕ ಮಾತ್ರ. ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು. ಪರದೆಯ ಆಚೆ ಕಾಗದ ಹರಿಯುವ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಪರ್ ಎಂದಿತು. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಸ್ನಾನದ ಮನೆಯ ನಲ್ಲಿ ಸೋರುವುದರ ಬಗ್ಗೆ ಮಾತಾಡಿದಳು, ವಾಷರ್ ಬದಲಿಸಬೇಕೋ ನಲ್ಲಿಯನ್ನೇ ಬದಲಿಸಬೇಕೋ ಎಂದು. ಕೇಳಿಸಿಕೊಂಡವಳು ನಲ್ಲಿಯ ಬಗ್ಗೆ ಮಾತಾಡುತ್ತಾಳೆಯೇ? ಅಥವಾ ಕೇಳಿಸಿಕೊಂಡವಳು ಮಾತ್ರವೇ ನಲ್ಲಿಯ ಬಗ್ಗೆ ಅಷ್ಟು ಹೊತ್ತು ಮಾತಾಡುತ್ತಾಳೆಯೇ? ಚಿಕಿತ್ಸೆ ನಡೆಯಿತು. ಯಾರನ್ನೂ ಬಿಡಬೇಕಾಗಲಿಲ್ಲ. ಇಪ್ಪತ್ತೊಂಬತ್ತನೆಯ ವಾರದಲ್ಲಿ ಹೊಟ್ಟೆ ಕುಯ್ದು ಇಬ್ಬರನ್ನೂ ತೆಗೆದರು, ಇಬ್ಬರೂ ಉಳಿದರು. ಅವನ ಮಾತೂ ಉಳಿಯಿತು, ಯಾರಿಗೂ ಬೇಡವಾಗಿ, ಅವನ ಹೊಟ್ಟೆಯಲ್ಲಿ.

ಈಗ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಫೈಲುಗಳನ್ನು ಜೋಡಿಸಲು ಒಳಕೋಣೆಗೆ ಹೋದರು. ಅವನು ಅಷ್ಟಕ್ಕೇ ಕಾದಿದ್ದ. ತೂಕದ ಯಂತ್ರ ಕಿಟಕಿಯ ಪಕ್ಕದ ಮೇಜಿನ ಮೇಲಿತ್ತು, ಮಗುವಿನ ಬೆನ್ನಿಗೆ ಹೊಂದುವಂತೆ ಬಾಗಿದ ಬಿಳಿಯ ತಟ್ಟೆ. ಮೊದಲು ಅಡಿಯಲ್ಲಿ ನೋಡಿದ; ಮಟ್ಟ ತೋರಿಸುವ ನೀರಿನ ಗುಳ್ಳೆ ಸರಿಯಾಗಿ ವೃತ್ತದ ನಡುವೆ ಕೂತಿತ್ತು. ಸ್ವಲ್ಪ ನಿರಾಶೆಯಾಯಿತು. ಗುಂಡಿ ಒತ್ತಿದ, ಸೊನ್ನೆ ಬಂತು. ಜೇಬಿನಿಂದ ಕಲ್ಲು ತೆಗೆದವನಿಗೆ ನಿನ್ನೆ ಮಧ್ಯಾಹ್ನ ಅದೇ ಕಲ್ಲು ಮಾಂಸದಂಗಡಿಯ ತಟ್ಟೆಯ ಮೇಲೆ ಕೂತಿದ್ದು ನೆನಪಾಗಿ ನಾಚಿಕೆಯಾಯಿತು. ಇನ್ಸ್‌ಪೆಕ್ಟರನಾದರೇನು, ಮನುಷ್ಯನಲ್ಲವೇ. ಯಂತ್ರದ ಪಕ್ಕ ಒಗೆದು ಮಡಿಸಿಟ್ಟ ಪುಟ್ಟ ಬಟ್ಟೆಗಳ ಅಟ್ಟಿಯಿತ್ತು. ಒಂದನ್ನು ಎಳೆದು ಕಲ್ಲಿಗೆ ಎರಡು ಸುತ್ತು ಸುತ್ತಿ, ನಿದ್ದೆಹೋದ ಮಗುವನ್ನು ಇಡುವಷ್ಟು ಮೆಲ್ಲಗೆ ಇಟ್ಟ. ಇನ್ನೂರ ಮೂವತ್ತೊಂದು. ತೆಗೆದು ಮತ್ತೆ ಇಟ್ಟ. ಇನ್ನೂರ ಮೂವತ್ತೊಂದು. ಸಿಕ್ಕಿಬಿದ್ದೆಯಾ ಮಗನೇ ಎಂದು ಒಳಗಿನಿಂದ ಯಾರೋ ತೊಡೆ ತಟ್ಟಿದರು. ಮೈತುಂಬ ಹಳೆಯ ಸುಖ ಹರಿಯಿತು, ಮುದ್ರೆ ಒಡೆದ ತಕ್ಕಡಿಯನ್ನು ಬಗಲಲ್ಲಿ ಇರುಕಿಕೊಂಡು ಅಂಗಡಿ ಮೆಟ್ಟಿಲು ಇಳಿಯುವಾಗಿನ ಸುಖ. ಕಲ್ಲನ್ನು ಬಟ್ಟೆಯ ಸಮೇತ ಜೇಬಿಗೆ ಇಳಿಸಿದ ಮೇಲಷ್ಟೇ ಲೆಕ್ಕ ಮುಂದಕ್ಕೆ ಹೋಯಿತು. ಮೂವತ್ತೊಂದು ಗ್ರಾಂ ಸುಳ್ಳು. ಹಾಗಿದ್ದರೆ ಚೂರಿನ ನಿನ್ನೆಯ ತೂಕ ಸಾವಿರದ ನಾನೂರ ಐವತ್ತಮೂರು. ಇವತ್ತು ಯಂತ್ರ ಐನೂರು ಎಂದರೂ ಅವಳು ಐನೂರಲ್ಲ. ಇನ್ನೂ ಎರಡು ಮೂರು ದಿನ ಗಾಜಿನೊಳಗೇ. ಹೊಟ್ಟೆಯಲ್ಲೆಲ್ಲೋ ಹಗುರವಾಯಿತು. ಯಾಕೆ ಹಗುರವಾಯಿತೆಂದು ಕೇಳಿಕೊಳ್ಳುವ ಧೈರ್ಯವಾಗಲಿಲ್ಲ.

ತಾಯಂದಿರ ಕೋಣೆಯಲ್ಲಿ ಹೆಂಡತಿ ತಲೆ ಬಾಚಿಕೊಂಡು ಕೂತಿದ್ದಳು, ಎಷ್ಟೋ ವಾರಗಳ ನಂತರ ಬೈತಲೆ ನೇರವಾಗಿತ್ತು. ಮಂಚದ ಮೇಲೆ ಅತ್ತೆ ಹೆಣೆದ ಎರಡು ಹಳದಿ ಟೋಪಿಗಳು, ಒಂದು ಕಿತ್ತಳೆ ಹಣ್ಣಿನಷ್ಟು, ಇನ್ನೊಂದು ಅದರ ತಂಗಿ. ತೊಟ್ಟಿಲಲ್ಲಿ ಯಜಮಾನಿಯನ್ನು ಒಂದು ಪಕ್ಕಕ್ಕೆ ಒತ್ತಿ ಮಲಗಿಸಿದ್ದರು. ಮೂರು ವಾರ ಇಡೀ ತೊಟ್ಟಿಲನ್ನು ಆಳಿದವಳು ಈಗ ಮೂಲೆಯಲ್ಲಿ ಮುಷ್ಟಿ ಬಿಗಿದು ಮುಖ ಗಂಟು ಹಾಕಿಕೊಂಡಿದ್ದಳು. ಉಳಿದ ಅರ್ಧದಲ್ಲಿ ಬಿಳಿಯ ಹಾಸು, ಒಂದು ಸುಕ್ಕೂ ಇಲ್ಲದೆ. ಜಾಗ ಬಿಡೋದು ಈಗಿಂದಲೇ ಕಲೀಲಿ ಎಂದು ಅತ್ತೆ ಅವನನ್ನು ನೋಡಿಕೊಂಡು ಹೇಳಿದರು. ಅವನು ಬಾಯಿ ತೆರೆದ. ಹೇಳಿದರೆ ಆ ಅರ್ಧ ತೊಟ್ಟಿಲನ್ನು ಖಾಲಿ ಇಟ್ಟವನು ಮತ್ತೆ ಅವನೇ. ಹೇಳದಿದ್ದರೆ, ಅಷ್ಟು ಬೆಳೆಯದ ಮಗು ಬೆಚ್ಚಗಿನ ಪೆಟ್ಟಿಗೆಯಿಂದ ಹೊರಗೆ ಬಂದು ಮೈ ತಣ್ಣಗಾಗಿ ಉಸಿರು ಮರೆತರೆ? ಹಾಗೆ ಮರೆತ ಮಗುವಿನ ಸುತ್ತ ಮೂರು ಜನ ಓಡಿಬಂದು ನಿಂತದ್ದನ್ನು ಅವನು ಇದೇ ವಾರ್ಡಿನಲ್ಲಿ ನೋಡಿದ್ದ. ಹಾಲು, ಔಷಧಿ ಎಲ್ಲವನ್ನೂ ಆ ಅಂಕಿ ನೋಡಿಯೇ ಕೊಡುತ್ತಿದ್ದರು. ಯಾಕ್ರೀ ಮುಖ ಹೀಗಿದೆ ಎಂದು ಹೆಂಡತಿ ಕೇಳಿದಳು. ಬೆಳಿಗ್ಗೆ ಕಾಫಿ ಕುಡಿದಿಲ್ಲ ಎಂದ. ಎರಡನೆಯ ಸುಳ್ಳು. ಅವಳು ಅವನ ನಿಲುವಂಗಿಯ ಕಾಲರನ್ನು ಸರಿಮಾಡಿದಳು. ಕುಯ್ದ ಜಾಗ ನೋಯುವುದರಿಂದ ಏಳುವಾಗ ಅವನ ತೋಳು ಹಿಡಿದಳು. ಇಬ್ಬರೂ ಓಣಿಯಲ್ಲಿ ನಿಧಾನವಾಗಿ ನಡೆದರು. ಅವಳ ಚಪ್ಪಲಿಯ ಸದ್ದಿನಲ್ಲಿ ಕೂಡ ಒಂದು ಸಡಗರವಿತ್ತು, ಜೇಬಿನ ಕಲ್ಲು ಅವನ ತೊಡೆಗೆ ಬಡಿಯುತ್ತಿತ್ತು.

ಹತ್ತು ಗಂಟೆಗೆ ತೂಕ. ದೊಡ್ಡ ಸಿಸ್ಟರ್ ಚೂರಿನ ಚಡ್ಡಿ ಬಿಚ್ಚಿ, ಕಾಲಿನ ತಂತಿ ತೆಗೆದು, ಅವಳನ್ನು ಅಂಗೈ ಮೇಲೆ ಎತ್ತಿ ತಂದರು. ತಟ್ಟೆಗೆ ಮೊದಲು ಒಂದು ಬಟ್ಟೆ ಹಾಸಿದರು, ಗುಂಡಿ ಒತ್ತಿದರು, ಆಮೇಲೆ ಮಗು ಇಟ್ಟರು. ಇದೆಲ್ಲ ಅವನ ಕಣ್ಣೆದುರಿಗೇ ನಡೆಯಿತು. ಅವನು ಅಂಕಿಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಚೂರು ತಣ್ಣನೆಯ ಜಗತ್ತಿಗೆ ಒಂದು ಸಣ್ಣ ಬೈಗುಳ ಬೈದಳು. ಅಂಕಿ ಕುಣಿದು ನಿಂತಿತು: ಸಾವಿರದ ಐನೂರ ಆರು. ನಾಲ್ಕನೇ ಪೆಟ್ಟಿಗೆಯ ಅಪ್ಪ ಚಪ್ಪಾಳೆ ತಟ್ಟಿ, ಸದ್ದು ಮಾಡಬಾರದೆಂದು ನೆನಪಾಗಿ ಕೈಗಳನ್ನು ಬಗಲಿಗೆ ಸಿಕ್ಕಿಸಿಕೊಂಡ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಅವಳನ್ನು ನೋಡಿದ, ಮಗುವನ್ನು ನೋಡಿದ, ತನ್ನ ದನಿ ಗಂಟಲು ಬಿಟ್ಟು ಹೊರಡುವುದು ಅವನಿಗೇ ಕೇಳಿಸಿತು. ಅಂಗಡಿಗಳಲ್ಲಿ ಬಳಸುವ ದನಿಯದು.

"ಸಿಸ್ಟರ್, ಈ ತಕ್ಕಡಿ ಸರಿ ಇಲ್ಲ. ಮೂವತ್ತೊಂದು ಗ್ರಾಂ ಜಾಸ್ತಿ ತೋರಿಸ್ತಿದೆ."

ಹೆಂಡತಿಯ ಸೆರಗು ಬಾಯಲ್ಲೇ ಉಳಿಯಿತು. ದೊಡ್ಡ ಸಿಸ್ಟರ್ ಚೂರನ್ನು ಇನ್ನೊಬ್ಬ ಸಿಸ್ಟರ್ ಕೈಗೆ ಕೊಟ್ಟು, ಬೆಚ್ಚಗೆ ಹೊದಿಸಲು ಹೇಳಿ, ಅವನ ಕಡೆ ತಿರುಗಿದರು. ಹೇಗೆ ಗೊತ್ತಾಯಿತೆಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂಬಂತೆ. ಅವನು ಜೇಬಿನಿಂದ ಕಲ್ಲು ತೆಗೆದ. ಬೀಗದಕೈ ಎಂದು ನಂಬಿದ್ದ ಲಾರಿಯವನು ಕತ್ತು ಮುಂದಕ್ಕೆ ಚಾಚಿದ. ತಟ್ಟೆಯ ಹಾಸು ತೆಗೆದು, ಗುಂಡಿ ಒತ್ತಿ ಸೊನ್ನೆ ಮಾಡಿ, ಬಟ್ಟೆ ಸುತ್ತಿದ ಕಲ್ಲನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಸರ್ಕಾರಿ ಕಲ್ಲು, ಇನ್ನೂರು ಗ್ರಾಂ, ಹೋದ ತಿಂಗಳಷ್ಟೇ ಪರೀಕ್ಷೆಯಾಗಿದೆ, ಈಗ ಅಂಕಿ ಎಷ್ಟು ತೋರಿಸುತ್ತಿದೆ ನೀವೇ ನೋಡಿ ಎಂದ. ಎಲ್ಲರೂ ನೋಡಿದರು. ಇನ್ನೂರ ಮೂವತ್ತೊಂದು. ದೊಡ್ಡ ಸಿಸ್ಟರ್ ಅಂಕಿಯನ್ನು ನೋಡಲಿಲ್ಲ, ಗಂಟನ್ನು ನೋಡಿದರು. ಆಮೇಲೆ ಎರಡು ಬೆರಳಿನಿಂದ ಬಟ್ಟೆಯ ತುದಿ ಹಿಡಿದು, ಕಲ್ಲನ್ನು ಹೊರಗೆ ಉರುಳಿಸಿ, ಬಟ್ಟೆಯನ್ನು ಕೈಯಲ್ಲೇ ಉಳಿಸಿಕೊಂಡರು. ಬರಿಯ ಹಿತ್ತಾಳೆ ತಟ್ಟೆಯ ಮೇಲೆ ಕೂತಿತು. ಇನ್ನೂರು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ.

"ಬಟ್ಟೆ ತೂಕ ಯಾರು ಕಳೀತಾರೆ, ಇನ್ಸ್‌ಪೆಕ್ಟ್ರೇ?"

ನಲವತ್ತೇಳು ದಿನಗಳಲ್ಲಿ ಆಕೆ ಅವನನ್ನು ಹುದ್ದೆಯಿಂದ ಕರೆದದ್ದು ಇದೇ ಮೊದಲು. ಲಾರಿಯವನು ನಗು ತಡೆಯಲು ಹೋಗಿ ಕೆಮ್ಮಿದ. ಇವನು ಇಂಗು ತಿಂದ ಮಂಗನಂತೆ ನಿಂತಿದ್ದ. ಆದರೂ ಮುಳುಗುವವನು ಕೈ ಬಡಿಯುವ ಹಾಗೆ, ಮೊನ್ನೆಯ ನಲವತ್ತು ಗ್ರಾಂ ಎಲ್ಲಿಂದ ಬಂತು ಎಂದು ತೊದಲಿದ. ಅವಳು ಎರಡು ದಿನ ಕಕ್ಕ ಮಾಡಿರಲಿಲ್ಲ, ಅದಕ್ಕೂ ಮುದ್ರೆ ಒತ್ತುತ್ತೀರಾ ಎಂದು ಕೇಳಿದ ದೊಡ್ಡ ಸಿಸ್ಟರ್, ಮಾಂಸದಂಗಡಿಯ ಕಲ್ಲು ಕೂತ ತಟ್ಟೆಯನ್ನು ಸ್ಪಿರಿಟ್ಟಿನಿಂದ ಮೂರು ಸಲ ಒರೆಸಿದರು. ಅದು ಮಾಂಸದಂಗಡಿಗೆ ಹೋಗಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನನ್ನೂ ಒರೆಸುತ್ತಿದ್ದರು. ಅವನ ಕಣ್ಣೆದುರು ಬೇಕರಿಯವನ ಮೀಸೆ ಅದುರಿತು. ಹದಿನಾರು ವರ್ಷ ಡಬ್ಬಿ, ಚೀಲ, ಕಾಗದ, ದಾರ ಎಲ್ಲದರ ತೂಕ ಕಳೆಸಿದವನು ಒಂದು ಬಟ್ಟೆಯ ತೂಕ ಮರೆತಿದ್ದ. ಮರೆತದ್ದು ಯಾರ ಅನುಕೂಲಕ್ಕೆ? ತನ್ನದೇ ಪ್ರಶ್ನೆ ಅಷ್ಟು ದೂರ ತಿರುಗಾಡಿ, ಅಷ್ಟು ಜನರನ್ನು ನಗಿಸಿ, ಈಗ ಬಂದು ಅವನ ಎದುರಿಗೇ ನಿಂತಿತು. ಹೊಟ್ಟೆಯಲ್ಲಿ ಹಗುರವಾಗಿದ್ದು ಯಾಕೆಂದು ಅವನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಚೂರು ಗಾಜಿನೊಳಗೆ ಇರುವಷ್ಟು ದಿನ ಅವಳು ಏಳನೇ ಪೆಟ್ಟಿಗೆ. ಹೊರಗೆ ಬಂದರೆ ಮಗಳು. ಮಗಳಾದರೆ ಎತ್ತಿಕೊಳ್ಳಬೇಕು, ಎತ್ತಿಕೊಂಡರೆ ಅವಳು ಮುಖ ನೋಡುತ್ತಾಳೆ. ತಕ್ಕಡಿ ಸುಳ್ಳಾಗಲಿ ಎಂದು ಅವನು ಆಸೆಪಟ್ಟಿದ್ದ. ಎರಡನೆಯ ಸಲ ಅವಳನ್ನು ಬಿಟ್ಟುಕೊಡಲು ಹೊರಟಿದ್ದ, ಅದೂ ಸರ್ಕಾರಿ ಕಲ್ಲಿನ ಸಾಕ್ಷಿಯ ಸಮೇತ. ಅವನಿಗೆ ನಾಚಿಕೆಯಾಯಿತು. ಆ ಕೋಣೆಯ ನಗುವಿನಿಂದಲ್ಲ.

ಅಂಗಿ ಬಿಚ್ಚಿ ಎಂದರು ದೊಡ್ಡ ಸಿಸ್ಟರ್. ನೆಗಡಿ ಎನ್ನಲು ಬಾಯಿ ತೆರೆದ. ಆಕೆ ಕಾಯುತ್ತ ನಿಂತರು. ಮೂರನೆಯ ಸುಳ್ಳು ಹೊರಗೆ ಬರಲಿಲ್ಲ. ಲಾರಿಯವನೇ ಬಂದು ಬೆನ್ನ ಹಿಂದಿನ ಗಂಟು ಬಿಚ್ಚಿದ, ಕಟ್ಟಿದಾಗಿನಷ್ಟೇ ಜೋರಾಗಿ. ಒರಗುಕುರ್ಚಿಯಲ್ಲಿ ಬರಿ ಎದೆಯಲ್ಲಿ ಕೂತವನಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸಿಸ್ಟರ್ ಚೂರಿಗೆ ಹೊದಿಸಿದ್ದ ಬಟ್ಟೆ ತೆಗೆದು, ಬಟ್ಟೆ ಇಲ್ಲದೇನೇ ತಗೊಳ್ಳಿ, ಇಲ್ಲಾಂದ್ರೆ ಅದನ್ನೂ ಸೇರಿಸಿ ತೂಗ್ತೀರ ಎಂದು ಹೇಳಿ ಅವನ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ಬರೆದುಕೊಳ್ಳಲು ಚೂರಿನ ಫೈಲು ಹುಡುಕುತ್ತ ಹೋದರು. ಅವನಿಗೆ ತೂಕ ಗೊತ್ತಾಗಲಿಲ್ಲ. ಸಕ್ಕರೆ, ಚಿನ್ನ, ಮೊಳೆ, ಮೀನು, ಏನನ್ನು ಅಂಗೈಗೆ ಹಾಕಿದರೂ ಹತ್ತು ಗ್ರಾಮಿನ ಒಳಗೆ ಹೇಳುವವನಿಗೆ ಎದೆಯ ಮೇಲೆ ಏನಿದೆ, ಎಷ್ಟಿದೆ ಎಂದು ಹೇಳಲಾಗಲಿಲ್ಲ. ಬಿಸಿ ಇತ್ತು. ಬೆರಳಿನ ಉಗುರುಗಳು ಅವನ ಎದೆಯ ಕೂದಲನ್ನು ಹಿಡಿದು ಎಳೆದವು, ನೋವಾಯಿತು. ಚೂರು ತಲೆಯೆತ್ತಲು ನೋಡಿ, ಸೋತು, ಕೆನ್ನೆಯನ್ನು ಪಕ್ಕಕ್ಕೆ ಹಾಕಿ ಒಂದು ಕಣ್ಣು ತೆರೆದಳು. ಆ ಕಣ್ಣಿನಲ್ಲಿ ಅವನು ಹೆದರಿದ್ದ ಯಾವುದೂ ಇರಲಿಲ್ಲ. ಅದು ಅವನನ್ನು ಸರಿಯಾಗಿ ನೋಡುತ್ತಲೂ ಇರಲಿಲ್ಲ. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಕಡೆ ತಿರುಗುವ ಧೈರ್ಯವಿಲ್ಲದೆ ಅವನು ಮಗುವಿನ ನೆತ್ತಿಗೆ ಹೇಳುವವನಂತೆ ಹೇಳಿದ.

"ಅವತ್ತು ಸ್ಕ್ಯಾನ್ ಕೋಣೆಯಲ್ಲಿ ನೀನು ಪರದೆ ಆಚೆ ಇದ್ದಾಗ... ನಾನು ಡಾಕ್ಟರಿಗೆ ಒಂದು ಮಾತು ಹೇಳಿದ್ದೆ."

"ದೊಡ್ಡದನ್ನ ಉಳಿಸಿ ಅಂದ್ರಿ."

ಅವನ ಉಸಿರು ನಿಂತಿತು; ಎದೆ ಅಲುಗದಿದ್ದಾಗ ಚೂರು ಮುಲುಗಿದಳು. ಮಗುವಿಗಾಗಿ ಮತ್ತೆ ಉಸಿರಾಡಬೇಕಾಯಿತು.

"ಪರದೆ ಬಟ್ಟೆ ಕಣ್ರೀ, ಗೋಡೆ ಅಲ್ಲ" ಎಂದಳು ಅವಳು. ಕಂಬಳಿಯ ಅಂಚನ್ನು ಚೂರಿನ ಕಿವಿಯವರೆಗೆ ಎಳೆದಳು. "ಡಾಕ್ಟರಮ್ಮ ಮುಂದೆ ನನ್ನನ್ನೇ ಕೇಳೋರು. ಏನು ಹೇಳಬೇಕು ಅಂತ ಆಗಲೇ ಗೊತ್ತಿತ್ತು ನಂಗೆ. ಅಷ್ಟರಲ್ಲಿ ನೀವು ಹೇಳಿಬಿಟ್ರಿ, ನಾನು ಹೇಳೋದು ತಪ್ತು."

"ಏನು ಹೇಳ್ತಿದ್ದೆ?"

"ನೀವು ಹೇಳಿದ್ದನ್ನೇ."

ಅಷ್ಟು ಹೇಳಿ ಅವಳು ಮೂಗನ್ನು ಸೆರಗಿನಿಂದ ಜೋರಾಗಿ ಒರೆಸಿಕೊಂಡಳು. ಆ ಬಸ್ಸಿನಲ್ಲಿ ಅವಳು ನಲ್ಲಿಯ ಬಗ್ಗೆ ಅಷ್ಟೊಂದು ಮಾತಾಡಿದ್ದು ಅವನಿಗೆ ನೆನಪಾಯಿತು. ಆಗಿನಿಂದ ಈವರೆಗೆ ಅವಳ ಹೊಟ್ಟೆಯಲ್ಲಿ ಇನ್ನೂ ಏನೇನಿತ್ತು ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ, ತನ್ನದನ್ನೇ ತೂಗಿಕೊಂಡು ಕೂತಿದ್ದ. ಕಂಬಳಿಯ ಹೊರಗಿದ್ದ ಕೈಯಿಂದ ಅವಳ ಮುಂಗೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ನಲ್ಲಿ ಇನ್ನೂ ಸೋರುತ್ತಿದೆ ಎಂದಳು. ವಾಷರ್ ತರುತ್ತೇನೆ ಎಂದ ಅವನು.

ಆಗಲೇ ಅವನ ಎದೆಯಿಂದ ಹೊಟ್ಟೆಯ ಕಡೆಗೆ ಬೆಚ್ಚಗಿನದೇನೋ ಹರಿಯಿತು. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅದು ಹೊಕ್ಕಳು ದಾಟಿ ಪ್ಯಾಂಟಿನ ಪಟ್ಟಿಗೆ ಇಳಿಯುತ್ತಿತ್ತು. ಚೂರು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಬಹಳ ಗಂಭೀರವಾಗಿ ಕೆಲಸ ಮುಗಿಸುತ್ತಿದ್ದಳು. ಅವನ ತಲೆ ಅಭ್ಯಾಸಬಲದಿಂದ ಲೆಕ್ಕ ಹಾಕಿಬಿಟ್ಟಿತು: ಹತ್ತು ಗ್ರಾಂ ಖಂಡಿತ ಹೋಗಿದೆ. ಸಾವಿರದ ನಾನೂರ ತೊಂಬತ್ತಾರು. ಕಾನೂನಿಗೆ ನಾಲ್ಕು ಗ್ರಾಂ ಕಡಿಮೆ. ಅತ್ತ ದೊಡ್ಡ ಸಿಸ್ಟರ್ ಫೈಲನ್ನು ಹುಡುಕಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಎಷ್ಟಿತ್ತು, ಐನೂರ ಆರಲ್ಲವೇ ಎಂದು ಅಲ್ಲಿಂದಲೇ ಕೇಳಿದರು. ಲಾರಿಯವನು ಇವನ ಕಡೆ ನೋಡಿದ. ಹೆಂಡತಿಯೂ ನೋಡಿದಳು, ಅವಳ ಬೆರಳಿಗೆ ಕಂಬಳಿಯ ಒದ್ದೆ ತಾಗಿರಬೇಕು. ಅವನು ಅಂಗೈಯನ್ನು ಚೂರಿನ ಬೆನ್ನ ಮೇಲೆ ಇಟ್ಟ. ಅಂಗೈ ದೊಡ್ಡದಾಯಿತು, ಬೆನ್ನು ಪೂರ್ತಿ ಮುಚ್ಚಿಹೋಯಿತು.

"ಹೌದು ಸಿಸ್ಟರ್" ಎಂದ. "ಐನೂರ ಆರು. ನಾನೇ ನೋಡಿದೀನಿ, ಬರ್ಕೊಳ್ಳಿ."